ಪೆರೋಲಿನ ಷರತ್ತು ಮತ್ತು ಕುರಿಮಂದೆ

ನನಗೆ ಮೊದಲಿನಿಂದಲೂ ಅನುಮಾನದ ಚಾಳಿ. ಹಾಲು ಹಾಕುವವಳ ಚೊಂಬಿನಿಂದ ಹಿಡಿದು ಕಚೇರಿಯ ಗಡಿಯಾರದವರೆಗೆ ಯಾವುದನ್ನೂ ನಂಬಿದವನಲ್ಲ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿ ಸಿಕ್ಕ ಕೆಲಸವೂ ಅದಕ್ಕೆ ತಕ್ಕಂತಿತ್ತು. ಎಳೆ ವಯಸ್ಸಿನ ಕೈದಿಗಳನ್ನು ತಿದ್ದಲೆಂದು ಇಟ್ಟಿದ್ದ ಸುಧಾರಣಾಲಯದಲ್ಲಿ ನಾನು ಗುಮಾಸ್ತ. ಪೆರೋಲ್ ಮೇಲೆ ಊರಿಗೆ ಹೋಗಿ, ಷರತ್ತು ಮುರಿದು, ಪೊಲೀಸರ ಜೊತೆ ವಾಪಸ್ ಬಂದವರ ದಾಖಲೆ ಬರೆಯುವುದು ನನ್ನ ಪಾಲಿಗೆ ಬಿದ್ದಿತ್ತು. ಬಂದವರೆಲ್ಲ ಒಂದೊಂದು ಕಥೆ ಕಟ್ಟುತ್ತಿದ್ದರು. ಒಬ್ಬನ ಅಜ್ಜಿಯಂತೂ ಎರಡು ಸಲ ಸತ್ತಿದ್ದಳು.

ಮತ್ತೋಡಿನ ಕಡೆಯ ಕುರಿಗಾಹಿಗಳ ಹುಡುಗನೊಬ್ಬ ಹಾಗೇ ವಾಪಸ್ ಬಂದ. ಇಪ್ಪತ್ತರ ಆಸುಪಾಸು. ರಾತ್ರಿ ಹೊತ್ತು ಮನೆಯಲ್ಲೇ ಇರಬೇಕೆಂಬುದು ಅವನ ಷರತ್ತು. ಪೇದೆ ಹೋದಾಗಲೆಲ್ಲ ಅವನು ಮನೆಯಲ್ಲಿರಲಿಲ್ಲ. ಹಿಂದೆಯೇ ಅವನ ಅಪ್ಪ ಕಂಬಳಿ ಹೊದ್ದು ಬಂದು ನನ್ನ ಮೇಜಿನ ಮುಂದೆ ನಿಂತ.

"ಕುರಿ ಜೊತೆ ಇದ್ದ ಸ್ವಾಮಿ. ಸುಗ್ಗಿ ಆದ್ಮ್ಯಾಲೆ ಆದಿವಾಲದ ಕಡೆ ಹೊಲದಾಗೆ ಮಂದೆ ನಿಲ್ಲಿಸ್ತೀವಿ. ಗೊಬ್ಬರ ಆಗ್ತೈತೆ ಅಂತ ಹೊಲದೋರು ರಾಗಿ ಕೊಡ್ತಾರೆ."

"ಷರತ್ತು ಗೊತ್ತಿರಲಿಲ್ವೇನಪ್ಪ?"

"ಗೊತ್ತಿತ್ತು. ಮಂದೆಯಾಗೆ ಮಲಗಿದ್ರೆ ಮನೆಯಾಗೆ ಇದ್ದಂಗೇ ಅಂದ್ಕಂಡ್ವಿ."

ಎಷ್ಟು ಚೆನ್ನಾಗಿ ಹೆಣೆದಿದ್ದಾನೆ ಎಂದುಕೊಂಡೆ. ಹುಡುಗ ಮೊದಲು ಒಳಗೆ ಬಂದದ್ದೇ ಕಳ್ಳತನಕ್ಕೆ. ಆದಿವಾಲದಲ್ಲಿ ನನ್ನ ಸೋದರಮಾವನ ಹೊಲವಿತ್ತು. ಸುಳ್ಳು ಹಿಡಿಯಲೇಬೇಕೆಂದು ಭಾನುವಾರ ಬಸ್ಸು ಹತ್ತಿದೆ.

"ನಮ್ಮ ಹೊಲದಾಗೇ ಇದ್ರಲ್ಲೋ! ಆ ಹುಡುಗ ರಾತ್ರಿಯೆಲ್ಲ ಮಂದೆ ಬಿಟ್ಟು ಅಲ್ಲಾಡ್ತಿರಲಿಲ್ಲ" ಎಂದರು ಮಾವ.

ಮುಂದಿನ ವರ್ಷವೂ ಗೊಬ್ಬರ ಬೇಕಲ್ಲ, ಅದಕ್ಕೇ ಹೀಗೆ ಹೇಳುತ್ತಿರಬಹುದೆಂದು ಮಾವನ ಮೇಲೂ ಅನುಮಾನ ಬಂತು. ಹೊಲಕ್ಕೇ ಹೋಗಿ ನೋಡಿದೆ. ನೆಲದ ತುಂಬ ಹಿಕ್ಕೆ, ಬೇಲಿ ಪಕ್ಕದಲ್ಲಿ ಮಸಿ ಹಿಡಿದ ಒಲೆಗಲ್ಲು. ಕುರಿಹಿಕ್ಕೆಯನ್ನು ಯಾವ ಬಾಯಲ್ಲಿ ಸುಳ್ಳೆನ್ನಲಿ?

ಮರುದಿನ ಸುಧಾರಣಾಲಯದ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ತಲೆಯೆತ್ತಲಿಲ್ಲ.

"ಕುರಿಮಂದೆ ಮನೆಯಾಗುತ್ತೇನ್ರೀ? ಷರತ್ತು ಮುರಿದಿದ್ದಾನೆ, ಬರೀರಿ."

ಬರೆದೆ. ಸಿಟ್ಟೇನೋ ಬಂತು, ಆದರೆ ಸಾಹೇಬರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದಲೂ ಆಗಲಿಲ್ಲ. ಹುಡುಗ ಒಳಗೇ ಉಳಿದ.

ಮುಂದಿನ ಸುಗ್ಗಿಯ ಹೊತ್ತಿಗೆ ಅವನಿಗೆ ಮತ್ತೆ ಪೆರೋಲ್ ಸಿಕ್ಕಿತು, ಅದೇ ಷರತ್ತಿನ ಮೇಲೆ. ಕರೆದೊಯ್ಯಲು ಬಂದ ಅಪ್ಪನನ್ನು ಸಾಹೇಬರು ಕೇಳಿದರು, "ಈ ಸಲ ರಾತ್ರಿ ಮನೇಲಿರ್ತಾನಾ?"

"ಇರ್ತಾನೆ ಸ್ವಾಮಿ. ಕುರಿ ಮಾರಿಬಿಟ್ಟೆ."

ನನ್ನ ಚಾಳಿ ಸುಮ್ಮನಿರಬೇಕಲ್ಲ. "ಮಾರಿದ್ಯೋ, ನೆಂಟರ ಮಂದೆಗೆ ಸೇರಿಸಿ ಬಂದ್ಯೋ?" ಎಂದೆ.

"ಸಂತೆಯಾಗೆ ಮಾರಿದೆ ಸ್ವಾಮಿ. ಒಂದೂ ಉಳಿಸ್ಲಿಲ್ಲ." ಮುದುಕನಿಗೆ ನನ್ನ ಮೇಲೆ ಕೋಪ ಕೂಡ ಬಂದಂತಿರಲಿಲ್ಲ. ನನಗೆ ನಾಚಿಕೆಯಾಯಿತು.

ಹುಡುಗನಿಗೂ ಆ ಸುದ್ದಿ ಹೊಸದು. ಬಾಗಿಲ ಬಳಿ ನಿಂತವನು ಅಪ್ಪನ ಮುಖವನ್ನೇ ನೋಡುತ್ತಿದ್ದ.

"ಟಗರು?"

"ಅದೂ ಹೋತು. ಬಾ, ಹೋಗಾಣ."

ಹುಡುಗ ಹೆಜ್ಜೆ ಎತ್ತಲಿಲ್ಲ. "ಕುರಿ ಇಲ್ದಂಗೆ ನಾ ಬಂದು ಏನ್ಮಾಡ್ಲಪ್ಪಾ?"

ಅಪ್ಪ ತನ್ನ ಕಂಬಳಿ ತೆಗೆದು ಮಗನ ಹೆಗಲಿಗೆ ಹಾಕಿದ.

"ನಾ ಕೂಲಿಗೆ ಹೋಗ್ತೀನಿ. ನೀ ಪೇದೆ ಬಂದಾಗ ಕಣ್ಣಿಗೆ ಬಿದ್ರೆ ಸಾಕು."