ಮರಗಮ್ಮ ತವರಿಗೆ ಬಂದದ್ದು

ನಮ್ಮೂರಿಗೆ ಗಡಿ ಅನ್ನುವುದೊಂದು ಇದೆ ಎಂದು ನನಗೆ ಗೊತ್ತಾದದ್ದು ಕಾಲರಾ ಬಂದ ವರ್ಷ. ಅದಕ್ಕೆ ಮೊದಲು ಅಲ್ಲಿ ಒಂದು ಹಳ್ಳ ಇತ್ತು, ಹಳ್ಳದ ದಂಡೆಗೆ ಒಂದು ಬನ್ನಿಗಿಡ ಇತ್ತು, ಗಿಡದ ಕೆಳಗೆ ಎರಡೂ ಊರಿನ ಎಮ್ಮೆಗಳು ಮಲಗಿ ಮೆಲುಕು ಹಾಕುತ್ತಿದ್ದವು. ನೀನು ಯಾವ ಊರಿನಾಕೆ ಎಂದು ಒಂದೆಮ್ಮೆ ಇನ್ನೊಂದೆಮ್ಮೆಯನ್ನು ಕೇಳಿದ್ದನ್ನು ನಾನು ಕಂಡಿಲ್ಲ. ಬೇನೆ ಬಂದದ್ದೇ ತಡ, ಊರ ಹಿರಿಯರಿಗೆ ಗಡಿ ನೆನಪಾಯಿತು. ಜಾಲಿಮುಳ್ಳು ಕಡಿಸಿ ದಾರಿಗೆ ಅಡ್ಡ ಹಾಕಿಸಿದರು. ಗೌಡನ ಆಳುಗಳು ಬಡಿಗೆ ಹಿಡಿದು ಅಲ್ಲಿ ಕುಳಿತರು. ಕಣ್ಣಿಗೆ ಕಾಣದ ಬೇನೆಯನ್ನು ಬಡಿಗೆಯಿಂದ ಬಡಿದು ಓಡಿಸುವ ಹುಮ್ಮಸ್ಸು ಅವರದು.

ಅಫಜಲಪುರ ತಾಲೂಕು, ಭೀಮಾ ಹೊಳೆಯ ದಂಡೆ, ನಿಜಾಮನ ಕಾಲ. ನಾವು ಊರ ಹೊರಗಿನ ಕೇರಿಯವರು. ಊರಿನವರು ನಮ್ಮನ್ನು ಮುಟ್ಟುತ್ತಿರಲಿಲ್ಲ, ನಾವು ಬಿತ್ತಿ ಕೊಯ್ದ ಜೋಳವನ್ನು ಮುಟ್ಟಲು ಅವರಿಗೆ ಅಡ್ಡಿ ಇರಲಿಲ್ಲ. ನಾನಾಗ ಮದುವೆಗೆ ಬಂದ ಹುಡುಗಿ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅವ್ವ, ನಾನು. ಅಕ್ಕನನ್ನು ಹಳ್ಳದಾಚೆಯ ಊರಿಗೆ ಕೊಟ್ಟಿತ್ತು.

ಬೇನೆ ಎಲ್ಲಿಂದ ಬಂತು ಎಂಬ ಪಂಚಾಯಿತಿ ಕಟ್ಟೆಯ ಮೇಲೆ ವಾರಗಟ್ಟಲೆ ನಡೆಯಿತು. ಆಳಂದದ ಸಂತೆಗೆ ಹೋದವರು ತಂದರು ಅಂತ ಒಬ್ಬ, ಜೇವರ್ಗಿ ಕಡೆಯಿಂದ ಕೂಲಿಗೆ ಬಂದವರು ಬಿಟ್ಟುಹೋದರು ಅಂತ ಇನ್ನೊಬ್ಬ. ಘತ್ತರಗಿ ದೇವಿಗೆ ಹೋಗಿಬಂದವರ ಮೇಲೂ ಅನುಮಾನ ಬಂತು. ಆದರೆ ಕಟ್ಟೆಯ ಮೇಲೆ ಕುಳಿತವರೆಲ್ಲ ಅಲ್ಲಿಗೆ ಹೋಗಿಬಂದವರೇ ಆದ್ದರಿಂದ ಆ ಮಾತು ಅಲ್ಲಿಗೇ ಮುಚ್ಚಿತು. ಯಾವುದಕ್ಕೂ ಒಮ್ಮತವಾಗದೆ ಕಡೆಗೆ, ನಮ್ಮ ಕೇರಿಯಿಂದ ಬಂತು ಎಂಬುದಕ್ಕೆ ಒಮ್ಮತವಾಯಿತು. ಅಷ್ಟರವರೆಗೆ ನಮ್ಮ ಕೇರಿಯಲ್ಲಿ ಒಬ್ಬರಿಗೂ ವಾಂತಿ ಆಗಿರಲಿಲ್ಲ. ಮೊದಲ ಹೆಣ ಎದ್ದದ್ದು ಗೌಡನ ಓಣಿಯಲ್ಲಿ.

ತಾಲೂಕಿನಿಂದ ಒಬ್ಬ ಸರ್ಕಾರಿ ಮನುಷ್ಯ ಬಂದು ಊರ ಬಾವಿಗೆ ಕೆಂಪು ಔಷಧ ಹಾಕಿ ಹೋದ. ನೀರು ಕೆಂಪಗಾದದ್ದನ್ನು ನೋಡಿ ಊರಿನವರು "ನೀರಾಗ ರಗತ ಕಲಿಸ್ಯಾರ" ಎಂದು ಕೊಡ ಎತ್ತಿಕೊಂಡು ಹೊಳೆಗೆ ನಡೆದರು. ಬೇನೆ ಬಿದ್ದವರ ಬಟ್ಟೆ ಒಗೆಯುತ್ತಿದ್ದದ್ದೂ ಅದೇ ಹೊಳೆಯಲ್ಲಿ, ಸ್ವಲ್ಪ ಮೇಲಕ್ಕೆ. ಶುದ್ಧವಾದ ಬಾವಿ ಯಾರಿಗೂ ಬೇಡವಾಗಿ ಬಿದ್ದಿತ್ತು. ಅವ್ವ ಅಲ್ಲಿದ್ದ ಆಳನ್ನು ಕೇಳಿದಳು.

"ನೀವಂತೂ ಕುಡಿಯಂಗಿಲ್ಲ. ನಮಗರ ಸೇದ್ಕೊಳ್ಳಾಕ ಬಿಡ್ರಿ."

"ಹುಚ್ಚಿ ಇದ್ದೀ ಏನ್ ಬೇ? ಬಾವಿ ಮೈಲಿಗಿ ಆಗ್ತದ" ಎಂದ ಅವನು.

ತಾವು ಕುಡಿಯದ ನೀರಿಗೂ ಮೈಲಿಗೆ! ಇಂಥ ಬುದ್ಧಿವಂತರ ಕೈಯಲ್ಲಿ ಊರಿನ ಪ್ರಾಣ ಇತ್ತು.

ಅಕ್ಕನಿಗೆ ಆಗ ದಿನ ತುಂಬಿತ್ತು. ಚೊಚ್ಚಲ ಬಾಣಂತನ ತವರಿನದು. ಕರೆತರಲು ದಿನ ನೋಡುವಷ್ಟರಲ್ಲಿ ಗಡಿ ಕಟ್ಟಿಬಿಟ್ಟಿದ್ದರು. ಎರಡೂ ಊರಿನ ಕೇರಿಯ ಹೆಂಗಸರು ನೀರಿಗೆ ಹೋದಾಗ ಹಳ್ಳದ ಈ ದಂಡೆ ಆ ದಂಡೆಯಲ್ಲಿ ನಿಂತು ಕೂಗಿ ಮಾತಾಡುತ್ತಿದ್ದೆವು. ಹಾಗೆ ಒಂದು ಮುಂಜಾನೆ ಆಚೆಯಿಂದ ಒಬ್ಬಾಕೆ ಕೂಗಿದಳು:

"ನಿನ್ನ ಮಗಳ ಅತ್ತಿ ಹೋದ್ಳು ಬೇ! ಗಂಡ ಸೊಲ್ಲಾಪುರದ ಗಿರಣ್ಯಾಗ ಕುಂತಾನ. ಆಕಿ ಮನ್ಯಾಗ ಒಬ್ಬಾಕಿನೇ ಅದಾಳ. ಹೆಣ ಎದ್ದ ಮನಿ ಅಂತ ಯಾರೂ ಬಾಗಲಾ ತುಳಿಯಂಗಿಲ್ಲ!"

ಅವ್ವ ಕೊಡವನ್ನು ಅಲ್ಲೇ ಬಿಟ್ಟು ಗೌಡನ ಮನೆಗೆ ಓಡಿದಳು. ನಾನು ಹಿಂದೆ ಓಡಿದೆ. ಅಂಗಳದ ಹೊರಗೆ ನಿಂತು ಸೆರಗೊಡ್ಡಿದಳು.

"ಗೌಡ್ರ, ಮಗಳ ದಿನ ತುಂಬ್ಯಾವ್ರಿ. ಮನ್ಯಾಗ ಯಾರೂ ಇಲ್ರಿ. ಹೋಗಿ ಕರ್ಕೊಂಡ್ ಬರ್ತೇನ್ರಿ."

"ನಾಕ್ ದಿನ ತಡಿ ಬೇ. ಗಡಿ ಕಟ್ಟೀವಿ. ಯಾರೂ ಹೋಗಂಗಿಲ್ಲ, ಯಾರೂ ಬರಂಗಿಲ್ಲ."

"ಹೊಟ್ಯಾಗಿನ ಕೂಸಿಗಿ ನಾಕ್ ದಿನ ತಡಿ ಅಂತ ಹ್ಯಾಂಗ್ ಹೇಳ್ಲಿರಿ?"

"ಅದು ನಿನ್ನ ಹಣೇಬರಾ. ಒಬ್ಬಾಕಿ ಸಲುವಾಗಿ ಊರು ಹಾಳ ಮಾಡಂದ್ರ ಹ್ಯಾಂಗ?"

ಅವನು ಈ ಮಾತು ಹೇಳುವಾಗ ಹಿಂದೆ ಪಡಸಾಲೆಯಲ್ಲಿ ಅವನ ಅಳಿಯ ಹೋಳಿಗೆ ತಿನ್ನುತ್ತ ಕುಳಿತಿದ್ದ. ಅಳಿಯನ ಊರೂ ಗಡಿಯಾಚೆಯದೇ. ಅವನ ಕುದುರೆಗೆ ಮುಳ್ಳು ಸರಿದಿತ್ತು. ಕಾಲರಾ ಬೇನೆ ಗೌಡರ ಅಳಿಯಂದಿರನ್ನು ಕಂಡರೆ ದಾರಿಬಿಟ್ಟು ನಿಲ್ಲುತ್ತದೆಂದು ಕಾಣುತ್ತದೆ.

ಒಬ್ಬಳೇ ಆಗಿದ್ದರೆ ಅವ್ವ ಯಾವ ಸಂದಿಯಲ್ಲಾದರೂ ನುಸುಳಿ ಹಳ್ಳ ದಾಟುತ್ತಿದ್ದಳು. ಹೋಗುವುದು ದೊಡ್ಡದಲ್ಲ. ತುಂಬುಬಸುರಿಯನ್ನು ಮುಳ್ಳಿನ ಮೇಲೆ ಎತ್ತಿಕೊಂಡು, ಬಡಿಗೆಯವರ ಕಣ್ಣೆದುರು ಹೊಳ್ಳಿ ಬರುವುದು ಹೇಗೆ? ಸಿಕ್ಕಿಬಿದ್ದರೆ ನಮ್ಮನ್ನು ಊರಿಗೂ ಸೇರಿಸುವುದಿಲ್ಲ, ಕೇರಿಯಲ್ಲೂ ಇರಗೊಡುವುದಿಲ್ಲ. ಅಕ್ಕ ಅಲ್ಲಿ ಒಬ್ಬಳೇ ಹಡೆಯಬೇಕು, ಇಲ್ಲವೇ ಒಬ್ಬಳೇ ಸಾಯಬೇಕು. ಆ ದಿನಗಳಲ್ಲಿ ಅವ್ವ ಒಲೆ ಹಚ್ಚಿದ್ದು ನನಗೆ ನೆನಪಿಲ್ಲ.

ಈಗ ಮರಗಮ್ಮನ ಗಾಡಿಯ ವಿಷಯ ಹೇಳಬೇಕು. ಮರಗಮ್ಮ ಬೇನೆಯ ದೇವಿ. ಬೇನೆ ಬಂದರೆ ಊರಿನವರು ಬೇವಿನ ಕಟ್ಟಿಗೆಯ ಒಂದು ಗಾಡಿ ಮಾಡಿಸುತ್ತಾರೆ. ಎತ್ತು ಕಟ್ಟುವಷ್ಟು ದೊಡ್ಡದಲ್ಲ, ಎರಡು ಜೋಳದ ಚೀಲ ಹಿಡಿಯುವಷ್ಟು, ಮನುಷ್ಯರೇ ಎಳೆಯುವಂಥದು. ಅದರಲ್ಲಿ ಕಟ್ಟಿಗೆಯ ದೇವಿಯನ್ನು ಕೂಡಿಸಿ, ಹಸಿರು ಸೀರೆ ಉಡಿಸಿ, ಬಳೆ ಇಟ್ಟು, ಗಡಿ ದಾಟಿಸಿ ಬಿಟ್ಟುಬರುತ್ತಾರೆ. ದೇವಿಯ ಜೊತೆ ಬೇನೆಯೂ ಹೋಯಿತೆಂದು ಅರ್ಥ. ಎಲ್ಲಿಗೆ ಹೋಯಿತು? ಪಕ್ಕದ ಊರಿಗೆ. ಇದನ್ನು ನಮ್ಮ ಹಿರಿಯರು ಭಕ್ತಿ ಎಂದು ಕರೆಯುತ್ತಿದ್ದರು. ನಮ್ಮ ಮನೆಯ ಕಸ ನಿಮ್ಮ ಅಂಗಳಕ್ಕೆ ಸುರಿದು ಕೈಮುಗಿದರೆ ಅದೂ ಭಕ್ತಿಯೇ.

ನಮ್ಮೂರಿನವರು ಒಮ್ಮೆ ಹಾಗೆ ಬಿಟ್ಟುಬಂದೂ ಆಗಿತ್ತು. ಆಚೆ ಊರಿನವರು ಮಣ್ಣು ತಿನ್ನುತ್ತಿರಲಿಲ್ಲ. ಬೆಳಗಾಗುವುದರೊಳಗೆ ಪೂಜೆ ಮಾಡಿ ಗಾಡಿಯನ್ನು ಹಳ್ಳದ ಈಚೆಗೆ ನೂಕಿ ಹೋಗಿದ್ದರು. ಕ್ರಮದಂತೆ ಮುಂದಿನ ಊರಿಗೆ ನೂಕಬೇಕು. ಅವರ ಮುಂದೆ ಇದ್ದದ್ದು ಹೊಳೆ. ಹೊಳೆಯಲ್ಲಿ ದೇವಿಯನ್ನು ಮುಳುಗಿಸಲು ಯಾರಿಗೆ ಧೈರ್ಯ? ಹೀಗಾಗಿ ಮರಗಮ್ಮ ಎರಡು ಊರಿನ ನಡುವೆ ಚೆಂಡಾದಳು. ನಮ್ಮ ಗೌಡನ ಮೀಸೆ ಕುಣಿಯಿತು. ಈ ಸಲ ವಾಜಂತ್ರಿ ಊದಿಸಿ, ಕೋಳಿ ಕೊಟ್ಟು, ಹೊಳ್ಳಿ ಬಾರದಂತೆ ಕಳಿಸಬೇಕೆಂದು ಠರಾಯಿಸಿದ.

ಗಾಡಿ ಎಳೆಯುವ ಕೆಲಸ ನಮ್ಮ ಕೇರಿಯ ಗಂಡಸರದೇ. ದೇವಿ ಅವರದು, ಹಗ್ಗ ನಮ್ಮದು. ಗಾಡಿಯ ಹಿಂದೆ ಒಬ್ಬ ವಿಧವೆ ಕೂದಲು ಬಿಟ್ಟುಕೊಂಡು, ಹಣೆಗೆ ಭಂಡಾರದ ಅರಿಸಿನ ಬಳಿದುಕೊಂಡು, ಅಂಬಲಿ ಚೆಲ್ಲುತ್ತ ನಡೆಯಬೇಕು. ಆ ಹೆಂಗಸಿಗೆ ಬೇನೆ ಅಂಟುವುದು ಖಂಡಿತ ಎಂಬ ನಂಬಿಕೆ ಇದ್ದದ್ದರಿಂದ ಯಾರೂ ಮುಂದೆ ಬರಲಿಲ್ಲ. ಅವ್ವ ಬಂದಳು.

"ನಾ ಹೋಗ್ತೇನ್ರಿ. ಅಂಬಲಿ ಗಡಿಗಿ ಹೊರಾಕ ಮಗಳು ಬರ್ತಾಳ್ರಿ."

ಗೌಡನಿಗೆ ಹಿಗ್ಗೋ ಹಿಗ್ಗು. ಗೌಡತಿ ತನ್ನ ಪೆಟ್ಟಿಗೆಯಿಂದ ಹಸಿರು ಇಳಕಲ್ಲ ಸೀರೆ ತೆಗೆದು ದೇವಿಗೆ ಕೊಟ್ಟಳು.

ಆ ಕ್ರಮದಲ್ಲಿ ಒಂದು ಕಟ್ಟಳೆ ಇದೆ. ಗಡಿಯಲ್ಲಿ ಗಾಡಿ ಬಿಟ್ಟ ಮೇಲೆ ಯಾರೂ ಹಿಂದೆ ತಿರುಗಿ ನೋಡಬಾರದು. ನೋಡಿದವರ ಬೆನ್ನಿಗೆ ದೇವಿ ಹತ್ತುತ್ತಾಳೆ. ಅವ್ವನಿಗೆ ಜೀವಮಾನದಲ್ಲಿ ಊರಿನ ಯಾವ ಕಟ್ಟಳೆಯೂ ಉಪಕಾರ ಮಾಡಿರಲಿಲ್ಲ, ಇದೊಂದು ಮಾಡಿತು. ಬನ್ನಿಗಿಡ ದಾಟಿದ ಕೂಡಲೇ ಎಳೆಯುವವರು ಹಗ್ಗ ಬಿಸಾಕಿ ಊರ ಕಡೆ ಓಡಿದರು. ವಾಜಂತ್ರಿಯವರು ಅವರಿಗಿಂತ ಮುಂದೆ ಓಡಿದರು. ಬಡಿಗೆ ಹಿಡಿದ ಕಾವಲುಗಾರರಂತೂ ಎಲ್ಲರಿಗಿಂತ ಮುಂದೆ. ಒಬ್ಬನಾದರೂ ತಿರುಗಿ ನೋಡಲಿಲ್ಲ. ಅವ್ವ ಬಾಗಿ ಹಗ್ಗ ಎತ್ತಿಕೊಂಡಳು.

"ನೂಕ" ಎಂದಳು ನನಗೆ. ಇಬ್ಬರೂ ಗಾಡಿಯನ್ನು ಆಚೆ ಊರಿನೊಳಕ್ಕೇ ಎಳೆದುಕೊಂಡು ನಡೆದೆವು.

ಆ ಊರಿನ ಕಾವಲಿನವರು ದೂರದಿಂದಲೇ ನೋಡಿದರು. ಕೂದಲು ಕೆದರಿದ ಹೆಂಗಸು, ಹಣೆ ತುಂಬ ಭಂಡಾರ, ಹಿಂದೆ ಗಾಡಿ. ಬಡಿಗೆ ಒಗೆದು ಅಡ್ಡಬಿದ್ದರು. ನಡುಹಗಲಿನಲ್ಲಿ ಊರ ನಡುವಿನ ದೊಡ್ಡ ದಾರಿಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೋದೆವು. ಬೇರೆ ದಿನವಾಗಿದ್ದರೆ ಆ ಚಪ್ಪಲಿಯನ್ನು ನಮ್ಮ ತಲೆಯ ಮೇಲೆ ಹೊರಿಸುತ್ತಿದ್ದರು.

ಅಕ್ಕ ಬಾಗಿಲಿಗೊರಗಿ ಕುಳಿತಿದ್ದಳು. ತುಟಿ ಒಡೆದಿತ್ತು. ಬೇನೆ ಇರಲಿಲ್ಲ, ಹಸಿವು ಇತ್ತು. ಅವ್ವನನ್ನು ಆ ವೇಷದಲ್ಲಿ ನೋಡಿ ಮೊದಲು ಹೆದರಿದಳು, ಆಮೇಲೆ ಅಳತೊಡಗಿದಳು. ಅವ್ವ ದಾರಿಯುದ್ದಕ್ಕೂ ಚೆಲ್ಲಬೇಕಾದ ಅಂಬಲಿಯನ್ನು ಬೆರಳಿನಿಂದ ಚಿಮುಕಿಸಿದ್ದಳಷ್ಟೆ. ಗಡಿಗೆ ತುಂಬಿಯೇ ಇತ್ತು. ಅದನ್ನು ಅಕ್ಕನ ಬಾಯಿಗೆ ಹಿಡಿದಳು. ನಾನು ಅವ್ವನ ಕೈ ಹಿಡಿದೆ.

"ಅವ್ವಾ, ದೇವಿ ಅಂಬಲಿ ಬೇ!"

"ದೇವಿ ಹಸ್ದಿಲ್ಲ. ನಿಮ್ಮಕ್ಕ ಹಸ್ದಾಳ."

ಹೀಗೆಂದು ಕಟ್ಟಿಗೆಯ ಮರಗಮ್ಮನ ಮೈಮೇಲಿಂದ ಹಸಿರು ಸೀರೆ ಬಿಚ್ಚಿ ಅಕ್ಕನಿಗೆ ಉಡಿಸಿದಳು. ದೇವಿಯ ಬಳೆ ತೊಡಿಸಿದಳು, ಹಣೆಗೆ ಭಂಡಾರ ಬಳಿದಳು, ಗಾಡಿಯಲ್ಲಿ ಕೂಡಿಸಿದಳು. ದೇವಿಯನ್ನು ಅಕ್ಕನ ತೊಡೆಯ ಮೇಲಿಟ್ಟಳು. ಆ ಊರಿನವರಿಗೆ ಗಾಡಿ ಹೊಳ್ಳಿ ಹೋಗುತ್ತದೆ ಎಂದು ಗೊತ್ತಾದಾಗ ಆದ ಸಂತೋಷ ಹೇಳತೀರದು. ಹಳ್ಳದವರೆಗೆ ತಾವೇ ನೂಕಿಕೊಟ್ಟರು. ಹೆಣ ಎದ್ದ ಮನೆಯೆಂದು ಒಂದು ತಂಬಿಗೆ ನೀರು ಕೊಡದವರು ಗಾಡಿಯೊಳಗೆ ತೆಂಗಿನಕಾಯಿ ಎಸೆದರು.

ನಮ್ಮ ಕಡೆಯ ಕಾವಲಿನವರು ಸ್ನಾನ ಮಾಡಿ ಬಂದು ಮುಳ್ಳಿನ ಹಿಂದೆ ಕುಳಿತಿದ್ದರು. ಗಾಡಿ ಕಂಡದ್ದೇ ಒಬ್ಬ ಊರಿಗೆ ಓಡಿದ. ಗೌಡ ಬಂದ, ಗೌಡತಿ ಬಂದಳು, ಊರೇ ಬಂತು.

"ಗಾಡಿ ಹೊಳ್ಳಿ ಬಂದ್ರ ಬ್ಯಾನಿನೂ ಹೊಳ್ಳಿ ಬರ್ತದ! ಅಲ್ಲೇ ನಿಂದ್ರಸು!" ಎಂದು ಗೌಡ ಒದರಿದ.

ಅವ್ವ ನಿಲ್ಲಿಸಲಿಲ್ಲ. ಕೂದಲು ಕೊಡವಿ ಮೈ ನಡುಗಿಸಿ ಒಂದು ಕೂಗು ಹಾಕಿದಳು. ಆ ದನಿ ನಾನು ಮತ್ತೆಂದೂ ಕೇಳಲಿಲ್ಲ.

"ಮರಗಮ್ಮ ತವರಿಗಿ ಬಂದಾಳ! ಚೊಚ್ಚಲ ಬಾಣಂತನಕ್ಕ ಬಂದಾಳ! ಬಸರಿ ಮಗಳಿಗಿ ಮುಳ್ಳ ಹಚ್ಚಿ ನಿಂದರಸ್ತೀರೇನೋ?"

"ಬ್ಯಾನಿ...?" ಗೌಡನ ದನಿ ಸಣ್ಣದಾಯಿತು.

"ಬ್ಯಾನಿ ಗಂಡನ ಮನ್ಯಾಗ ಬಿಟ್ಟು ಬಂದಾಳ. ತವರಿಗಿ ಯಾವ ಮಗಳು ಬ್ಯಾನಿ ತರ್ತಾಳ?"

ಗಂಡಸರು ಇದಕ್ಕೆ ಶಾಸ್ತ್ರ ಹುಡುಕತೊಡಗಿದರು. ಹೆಂಗಸರು ಗಂಡಸರ ದಾರಿ ಕಾಯಲಿಲ್ಲ. ಗೌಡತಿಯೇ ಮುಂದೆ ಬಂದು ತನ್ನ ಕೈಯಿಂದ ಮುಳ್ಳು ಸರಿಸಿದಳು. ಕೈ ಪರಚಿ ರಕ್ತ ಬಂತು. ಗಾಡಿಯ ಮುಂದೆ ಮಣ್ಣಿನಲ್ಲಿ ಬಿದ್ದು ನನ್ನ ಅಕ್ಕನ ಪಾದಗಳನ್ನು ಎರಡೂ ಕೈಯಿಂದ ಹಿಡಿದು ಹಣೆಗೆ ಒತ್ತಿಕೊಂಡಳು. "ತಾಯೀ, ನನ್ನ ಮಕ್ಕಳನ್ನ ಕಾಯಿ" ಎಂದು ಅತ್ತಳು. ಅಕ್ಕಿ, ಉತ್ತತ್ತಿ, ಕೊಬ್ಬರಿ ತರಿಸಿ ಉಡಿ ತುಂಬಿದಳು.

ಗೌಡ ನನ್ನ ಅಕ್ಕನನ್ನು ಚಿಕ್ಕಂದಿನಿಂದ ಬಲ್ಲ. ಅವಳು ಅವನ ಕೊಟ್ಟಿಗೆಯ ಸಗಣಿ ಬಾಚಿ ಬೆಳೆದವಳು. ಗುರುತು ಹಿಡಿಯಲಿಲ್ಲ ಎಂದರೆ ನಾನು ನಂಬುವುದಿಲ್ಲ. ಒಂದು ಗಳಿಗೆ ಅವಳ ಮುಖ ನೋಡಿದ, ಆಮೇಲೆ ತಲೆ ತಗ್ಗಿಸಿ ಕೈಮುಗಿದ. ಹೆಂಡತಿ ಪಾದ ಹಿಡಿದಾಗಿತ್ತು, ಊರು ನೋಡಿಯಾಗಿತ್ತು. ಈಗ ಬಾಯಿ ಬಿಟ್ಟರೆ ಮಾನ ಹೋಗುವುದು ಯಾರದೆಂದು ಅಷ್ಟು ಲೆಕ್ಕ ಅವನಿಗೆ ಬರುತ್ತಿತ್ತು.

ಅಕ್ಕ ನಮ್ಮ ಗುಡಿಸಲಿನಲ್ಲಿ ಹೆಣ್ಣು ಹಡೆದಳು. ತಾಯಿ, ಮಗು ಎರಡೂ ಉಳಿದವು. ಹಸಿರು ಸೀರೆ ತೊಟ್ಟಿಲಾಯಿತು. ಬೇನೆ ಮುಂದೆಯೂ ಕೆಲವರನ್ನು ಒಯ್ದಿತು, ನಮ್ಮ ಕೇರಿಯವರನ್ನೂ. ಮಳೆ ಹಿಡಿದ ಮೇಲೆ ತಾನಾಗಿ ನಿಂತಿತು. ಗೌಡ ಮಾತ್ರ ಬಂದವರೆದುರು "ನಮ್ಮೂರಾಗ ತಾಯಿ ಬಾಣಂತನ ಆಯ್ತು, ಅದಕ್ಕ ಊರು ಉಳೀತು" ಎಂದು ಮೀಸೆ ತಿರುವುತ್ತಿದ್ದ. ಆ ಬಾಣಂತಿಗೆ ಒಂದು ಸೇರು ಜೋಳ ಕಳಿಸಬೇಕೆಂದು ಅವನಿಗೆ ತೋಚಲಿಲ್ಲ.

ಈಗ ನಮ್ಮ ಗೋಡೆಯ ಮೇಲೆ ಬುದ್ಧನಿದ್ದಾನೆ. ಮರಗಮ್ಮನ ಮೇಲೆ ನನಗೆ ಭಕ್ತಿ ಇಲ್ಲ, ಸಿಟ್ಟೂ ಇಲ್ಲ. ಪಾಪ, ತನ್ನ ಸೀರೆಯನ್ನು ಸುಮ್ಮನೆ ಬಿಟ್ಟುಕೊಟ್ಟಳು. ನನ್ನ ಸಿಟ್ಟೆಲ್ಲ ಕೈಮುಗಿದವರ ಮೇಲೆ.

ಆ ವರ್ಷದ ಮಳೆಗಾಲ ಮುಗಿಯುವಾಗ ಅಕ್ಕ ಮತ್ತೆ ಗೌಡನ ಮನೆಯ ಕೊಟ್ಟಿಗೆ ಕಸಕ್ಕೆ ಹೋಗತೊಡಗಿದಳು. ಹಾಲೂಡಿಸುವ ಹೆಂಗಸಿಗೆ ನೀರಡಿಕೆ ಹೆಚ್ಚು. ಒಂದು ದಿನ ನಾನೂ ಜೊತೆಗಿದ್ದಾಗ ಬುಟ್ಟಿ ಕೆಳಗಿಟ್ಟು ನೀರು ಕೇಳಿದಳು. ಗೌಡತಿ ತಂಬಿಗೆ ತಂದು ಕಟ್ಟೆಯ ಮೇಲಿಂದ ಎತ್ತರಕ್ಕೆ ಹಿಡಿದು ಸುರಿದಳು. ಅಕ್ಕ ಬಾಗಿ ಬೊಗಸೆಯೊಡ್ಡಿದಳು. ಬೊಗಸೆಯಿಂದ ಸಿಡಿದ ಒಂದು ಹನಿ ಗೌಡತಿಯ ಕಾಲಿಗೆ ತಾಗಿತು.

"ಸರಿದು ನಿಂದ್ರ ಬೇ! ಈಗರ ಜಳಕ ಆಗ್ಯಾದ, ಮತ್ತ ಮಾಡಬೇಕಾತು!"

ತಂಬಿಗೆ ಹಿಡಿದ ಆ ಕೈಯ ಮೇಲೆ ಜಾಲಿಮುಳ್ಳಿನ ಗೆರೆ ಇನ್ನೂ ಮಾಸಿರಲಿಲ್ಲ. ನಾನು ನೋಡಿದೆ. ಅಕ್ಕನೂ ನೋಡಿದಳು. ಬುಟ್ಟಿ ಎತ್ತಿಕೊಂಡು ಹೊರಟಳು.

ಮನೆಗೆ ಬಂದು ಕೂಸಿಗೆ ಮೊಲೆ ಕೊಡುತ್ತ ಕುಳಿತಾಗ ಅವ್ವನನ್ನು ಕೇಳಿದಳು:

"ಅವ್ವಾ, ಮತ್ತ ಕಾಲರಾ ಯಾವಾಗ ಬರ್ತದ ಬೇ?"