ಕೆಂಪು ಬೆಳವನ ಹೆಂಡತಿ

ನಿಜಾಮರ ಕಾಲ. ಹಕ್ಕಿಗಳ ಪಟ್ಟಿ ಮಾಡಿಸುತ್ತಿದ್ದ ಸಾಹೇಬರೊಬ್ಬರ ಗುಮಾಸ್ತನಾಗಿ ನಾನು ಭೀಮಾ ದಂಡೆಯ ಮಣ್ಣೂರಿಗೆ ಹೋಗಿದ್ದೆ. ಬಲೆ ಹಾಕುವ ಹುಸೇನಸಾಬ ಎರಡು ಪಂಜರ ತಂದಿಟ್ಟ. ಎರಡರಲ್ಲೂ ಪಾರಿವಾಳದಂಥ ಬೂದು ಬಣ್ಣದ ಬೆಳವ. ಎರಡರ ಕುತ್ತಿಗೆಗೂ ಕರಿ ಗೆರೆ.

"ಇದು ದೊಡ್ಡ ಬೆಳವ ರೀ. ಇದು ಸಣ್ಣ ಕೆಂಪು ಬೆಳವನ ಹೇಣ್ತಿ," ಅಂದ.

ಕೆಂಪು ಬೆಳವನ ಹೆಂಡತಿ ಬೂದಿಯೇ? ಗಾತ್ರ ನೋಡೋಣವೆಂದರೆ ಸಣ್ಣದು ಗರಿ ಉಬ್ಬಿಸಿಕೊಂಡಿತ್ತು, ದೊಡ್ಡದು ಹೆದರಿ ಮುದುಡಿತ್ತು. ಹಕ್ಕಿಗೆ ತಪ್ಪು ಹೆಸರಿನ ಚೀಟಿ ಕಟ್ಟಿದರೆ ನನ್ನ ನೌಕರಿ ಹೋದಂತೆಯೇ.

"ಸಬೂತು ಏನು?" ಎಂದೆ.

"ಗಂಡ ಬರ್ತಾನ, ಕೂಡ್ರಿ. ತನ್ನ ಹೇಣ್ತಿ ಪಂಜರದ ಮ್ಯಾಲನ ಕೂಡ್ತಾನ."

ಬೇವಿನ ಮರದ ಕೆಳಗೆ ಕಾದೆವು. ಮಧ್ಯಾಹ್ನದ ಹೊತ್ತಿಗೆ ಇಟ್ಟಂಗಿ ಬಣ್ಣದ ಸಣ್ಣ ಬೆಳವ ನಿಜವಾಗಿಯೂ ಬಂತು. ಬಂದು ದೊಡ್ಡ ಬೆಳವದ ಪಂಜರದ ಮೇಲೆ ಕೂತು, ತಲೆ ಬಾಗಿಸಿ ಬಾಗಿಸಿ ಕೂಗತೊಡಗಿತು.

ಹುಸೇನಸಾಬ ಗಡ್ಡ ಕೆರೆದುಕೊಂಡ. "ಗಂಡಸ್ರಿಗೆ ಅಷ್ಟೆಲ್ಲಾ ಲಕ್ಷ್ಯ ಎಲ್ಲಿರ್ತದರಿ?"

ಯಾರನ್ನು ನಂಬುವುದು, ಅವನನ್ನೋ ಹಕ್ಕಿಯನ್ನೋ? ಎರಡೂ ಚೀಟಿಯ ಮೇಲೆ 'ಬೆಳವ' ಎಂದಷ್ಟೇ ಬರೆದು ಕಳಿಸಿದೆ.

ವಾರದ ಮೇಲೆ ಸಾಹೇಬರ ಉತ್ತರ ಬಂತು. ನನ್ನ ಅಕ್ಷರ ಬಹಳ ಸ್ಪಷ್ಟವಾಗಿದೆಯಂತೆ.