ರೌಫ್ ಮೇಷ್ಟ್ರ ಮಿರಜ್ ಕೇಸು

ಅಬ್ದುಲ್ ರೌಫ್ ಹೋದ ಮಂಗಳವಾರ ಬೆಳಗ್ಗೆ ತೀರಿಕೊಂಡರು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ, ತಮ್ಮ ಕಾರಿನ ಎಡಗಡೆ ಸೀಟಿನಲ್ಲಿ ಕೂತಿದ್ದಾಗಲೇ ಎದೆಬಡಿತ ನಿಂತಿತು. ಸಂಜೆ ಹರಿಹರದಲ್ಲಿ ಮಣ್ಣಾಯಿತು.

ಅವರ ಮನೆ ಹರಿಹರದಲ್ಲಿ, ಡ್ರೈವಿಂಗ್ ಸ್ಕೂಲು ದಾವಣಗೆರೆಯಲ್ಲಿ, ನನ್ನ ಪುಸ್ತಕದಂಗಡಿಯ ಪಕ್ಕದ ಮಳಿಗೆ. ಇಪ್ಪತ್ತು ವರ್ಷ ನಮ್ಮಿಬ್ಬರಿಗೂ ಒಂದೇ ಹೋಟೆಲಿನಿಂದ ಚಹಾ ಬರುತ್ತಿತ್ತು. ಊರಿನ ಬಾಯಲ್ಲಿ ಅವರು ರೌಫ್ ಮೇಷ್ಟ್ರು. ಕಾರು ಹಳೇ ಅಂಬಾಸಿಡರ್. ಎಡಗಡೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಹಾಕಿಸಿದ್ದರು. ಕಲಿಯುವವರು ಸ್ಟೇರಿಂಗ್ ಹಿಂದೆ, ಮೇಷ್ಟ್ರು ಈ ಕಡೆ. ಹತ್ತಿ ವ್ಯಾಪಾರಿಗಳು, ಮಿಲ್ ಸಾಹುಕಾರರ ಮಕ್ಕಳು, ಬ್ಯಾಂಕಿನವರು, ಹಳ್ಳಿಯವರು, ಎಲ್ಲರೂ ಅವರ ಕೈಯಲ್ಲಿ ಬೈಸಿಕೊಂಡು ಕಲಿತವರೇ.

ಅವರ ಬೈಗುಳದಲ್ಲಿ ಕೆಟ್ಟ ಮಾತಿರುತ್ತಿರಲಿಲ್ಲ. ನಂದಿಗುಡಿಯ ರೇವಣ್ಣ ಭತ್ತ ಬೆಳೆಯುವವನು, ಮೆಟಡಾರ್ ಕೊಳ್ಳಬೇಕೆಂದು ಕಲಿಯಲು ಬರುತ್ತಿದ್ದ. ಅವನಿಗೆ, "ರೇವಣ್ಣ, ಇದು ಎತ್ತಲ್ಲಪ್ಪ, ಬಾಲ ತಿರುವಿದ್ರೆ ಓಡಲ್ಲ. ಗೇರು ಹಾಕು" ಅನ್ನುತ್ತಿದ್ದರು. ಅವನು ಗಾಬರಿಯಲ್ಲಿ ನಿಜವಾಗಿಯೂ "ಹೋ ಹೋ" ಅಂತ ಕಾರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮೇಷ್ಟ್ರು ಒಂದು ವಿಷಯದಲ್ಲಿ ಮಾತ್ರ ನಗುತ್ತಿರಲಿಲ್ಲ. ಪಾಠ ಮುಗಿದ ಕೂಡಲೇ ಕಾರಿನ ಹಿಂದೆ ಮುಂದೆ ಇರುವ ಎಲ್ ಬೋರ್ಡು ಬಿಚ್ಚಬೇಕು. ಕಲಿತವನು ಕಲಿಯದವನ ಬೋರ್ಡು ಹಾಕಿಕೊಂಡು ಓಡಾಡುವುದು ಎದುರು ಬರುವವರಿಗೆ ಮಾಡುವ ಮೋಸ ಅನ್ನುತ್ತಿದ್ದರು.

ಎಂಬತ್ತೆರಡನೇ ಇಸವಿ. ಅವರ ಅಕ್ಕ ಸುಗ್ರಾಬಿಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ಇಲ್ಲಿಯ ಡಾಕ್ಟರು ಮಿರಜಿಗೆ ಕರೆದುಕೊಂಡು ಹೋಗಲು ಹೇಳಿದರು. ಆಗ ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಿರಜ್. ಹೇಳಿಕೊಳ್ಳಲಾಗದ ಕಾಯಿಲೆಗೂ ಮಿರಜ್. ಮೇಷ್ಟ್ರು ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾಲ ಹತ್ತಿರ ಆಕೆಯ ಮಗಳು ಮುಮ್ತಾಜಳನ್ನು ಕೂರಿಸಿ, ಬೆಳಕು ಹರಿಯುವ ಮುಂಚೆ ಹೊರಟರು. ಪಕ್ಕದ ಸೀಟು ಖಾಲಿ. ಅವಸರದಲ್ಲಿ ಬೋರ್ಡು ಬಿಚ್ಚುವುದು ಮರೆತುಹೋಯಿತು. ಹುಬ್ಬಳ್ಳಿ, ಬೆಳಗಾವಿ ದಾಟಿದರೂ ಯಾರೂ ಕೇಳಲಿಲ್ಲ.

ಮಿರಜಿನ ಒಂದು ಚೌಕದಲ್ಲಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದ. ಬೋರ್ಡು ತೋರಿಸಿ, ಖಾಲಿ ಸೀಟು ತೋರಿಸಿ, ಹಿಂದಿಯಲ್ಲಿ, "ಕಲಿಸುವವನು ಎಲ್ಲಿ ಮುದುಕಪ್ಪ? ಈ ವಯಸ್ಸಿನಲ್ಲಿ ಕಲಿತು ಯಾರನ್ನು ಸಾಯಿಸಲು ಬಂದೆ?" ಎಂದ. ಸುತ್ತ ನಿಂತವರು ನಕ್ಕರು. ಮೇಷ್ಟ್ರ ಸ್ವಂತ ಲೈಸನ್ಸು ಅಂಗಿ ಜೇಬಿನಲ್ಲೇ ಇತ್ತು. ತೋರಿಸಿದ್ದರೆ ಇನ್ನೆರಡು ಮಾತು ಬೈದು ಬಿಡುತ್ತಿದ್ದನೋ ಏನೋ. ಆದರೆ ಊರಿಗೆಲ್ಲ ಕಲಿಸುವವನೇ ಬೋರ್ಡು ಮರೆತವನೆಂದು ಇಷ್ಟು ಜನರ ಎದುರು ಹೇಳಿಕೊಳ್ಳಬೇಕಾಗಿತ್ತಲ್ಲ, ಅದು ಅವರಿಂದ ಆಗಲಿಲ್ಲ. ಕಲಿಯುವವರ ಎಲ್‌ಎಲ್‌ಗಳನ್ನು, ಅಂದರೆ ಕಲಿಕೆಯ ಲೈಸನ್ಸುಗಳನ್ನು, ಅವರು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಡುತ್ತಿದ್ದರು. ಮೇಲಿದ್ದ ಒಂದನ್ನು ತೆಗೆದುಕೊಟ್ಟರು. ಅದು ರೇವಣ್ಣನದು. ಫೋಟೋ ಮೇಲೆ ಕಚೇರಿಯ ಸೀಲು ಬಿದ್ದು ಮುಖ ಕಾಣುತ್ತಿರಲಿಲ್ಲ. ಪೊಲೀಸಿನವನು ಅದನ್ನು ತಾನೇ ಇಟ್ಟುಕೊಂಡು, ಕೇಸು ಬರೆದು, ಕೋರ್ಟಿನಿಂದ ಕರೆ ಬರುತ್ತದೆ ಎಂದ.

ಅಕ್ಕನಿಗೆ ಆಪರೇಷನ್ ಆಯಿತು, ಆಕೆ ಗುಣವಾದಳು. ಪರರಾಜ್ಯದ ಕೇಸು ಇಲ್ಲಿಗ್ಯಾಕೆ ಬರುತ್ತದೆ ಅಂತ ಮೇಷ್ಟ್ರು ಸಮಾಧಾನ ಮಾಡಿಕೊಂಡರು. ಎಲ್‌ಎಲ್ ಎಲ್ಲಿ ಎಂದು ರೇವಣ್ಣ ಕೇಳಿದಾಗ ಆಫೀಸಿನಲ್ಲೈತೆ ಅಂದರು.

ಮೂರು ತಿಂಗಳಿಗೆ ಸಮನ್ಸು ಬಂತು. ಹರಿಹರದ ಡ್ರೈವಿಂಗ್ ಮೇಷ್ಟ್ರ ಮನೆಗಲ್ಲ, ನಂದಿಗುಡಿಗೆ. ಪೊಲೀಸಿನವನು ಬಸ್ಸಿಳಿದು, ಮಿರಜಿನ ಕೇಸಿನ ರೇವಣ್ಣನ ಮನೆ ಯಾವುದು ಅಂತ ದಾರಿಯುದ್ದಕ್ಕೂ ಕೇಳುತ್ತ ಹೋಗಿದ್ದ.

ಮೂರನೇ ದಿನ ರೇವಣ್ಣ ಸ್ಕೂಲಿಗೆ ಬಂದ. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ. ಅವನು ಕೂರಲಿಲ್ಲ.

"ಮೇಷ್ಟ್ರೆ, ನಾ ಮಿರಜ್ ಅನ್ನೋ ಊರ್ನ ಕಣ್ಣಾರೆ ಕಂಡಿಲ್ರಿ. ಊರಾಗೆ ಎಲ್ರೂ, ಮಿರಜ್ ಹವಾ ಹೆಂಗೈತೆ ರೇವಣ್ಣ, ಯಾವ ರೋಗಕ್ಕೆ ಹೋಗಿದ್ದೆ ಅಂತಾರೆ. ನನ್ ಹೆಂಡ್ತಿ ಎರಡು ದಿನದಿಂದ ಮಾತಾಡ್ತಿಲ್ಲ. ನೀವು ತಿಳಿದೋರು. ನೀವೇ ಕಾಪಾಡ್ಬೇಕ್ರಿ."

ಹೀಗೆ ಹೇಳಿ ಕೈ ಮುಗಿದ. ಮೇಷ್ಟ್ರು ಅವನ ಕೈಗಳನ್ನು ನೋಡುತ್ತ, "ನಾ ನೋಡ್ಕೊಂತೀನಿ, ಹೋಗು" ಅಂದರು. ಅವನು ಹೋದಮೇಲೆ ಬಾಗಿಲು ಅರ್ಧ ಎಳೆದು ನನಗೆ ಎಲ್ಲ ಹೇಳಿದರು. ಹೇಳುವಾಗ ಒಮ್ಮೆಯೂ ನನ್ನ ಮುಖ ನೋಡಲಿಲ್ಲ.

ಪರಿಚಯದ ವಕೀಲರ ಹತ್ತಿರ ಇಬ್ಬರೂ ಹೋದೆವು. ಅವರು ಸಲೀಸಾಗಿ ದಾರಿ ತೋರಿಸಿದರು. "ಆ ರೇವಣ್ಣನ ಕೈಲೇ ತಪ್ಪಾಯ್ತು ಅಂತ ಬರೆಸಿ ಕಳಿಸ್ರಿ. ಸಣ್ಣ ದಂಡ, ಕೇಸು ಖಲಾಸ್. ನಾನು ಅಂತ ನೀವು ನಿಂತ್ರೆ, ಬೇರೆಯವನ ಲೈಸನ್ಸ್ ತೋರಿಸಿದ್ದು ದೊಡ್ಡದಾಗುತ್ತೆ. ಸ್ಕೂಲಿನ ಪರವಾನಗೀನೂ ಹೋಗುತ್ತೆ. ಯಾಕ್ರಿ ಬೇಕು ನಿಮ್ಗೆ?"

ಮೇಷ್ಟ್ರು ಹೂಂ ಅಂದು ಎದ್ದು ಬಂದರು. ಆಮೇಲೆ ಎಷ್ಟೋ ದಿನ ಏನೂ ಮಾಡಲಿಲ್ಲ. ಪಾಠ ನಡೆಯುತ್ತಿತ್ತು, ಬೈಗುಳ ನಿಂತಿತ್ತು. ಕಲಿಯುವವನು ಗೇರು ತಪ್ಪಿಸಿದರೂ ಸುಮ್ಮನೆ ಕ್ಲಚ್ಚು ಒತ್ತುತ್ತಿದ್ದರು.

ರೇವಣ್ಣನ ಹೆಂಡತಿ ಹಂಪವ್ವ ತವರಾದ ಕೊಂಡಜ್ಜಿಗೆ ಹೋಗಿಬಿಟ್ಟಳೆಂದು ಆ ಕಡೆಯಿಂದ ಕಲಿಯಲು ಬರುತ್ತಿದ್ದವನೊಬ್ಬ ಹೇಳಿದ. ಮಿರಜಿನ ವಿಷಯ ಇತ್ಯರ್ಥವಾಗದೆ ಮಗಳನ್ನು ಕಳಿಸುವುದಿಲ್ಲವೆಂದು ಅವಳ ಅಪ್ಪ ಕಾಟಪ್ಪ ಅಂದಿದ್ದನಂತೆ. ಕಲಿಯುವವನು ಕಾರು ಓಡಿಸುತ್ತ ಅದನ್ನು ನಗುತ್ತಲೇ ಹೇಳಿದ. ಮೇಷ್ಟ್ರು ಕಾರು ನಿಲ್ಲಿಸಿ ಅವನನ್ನು ಅಲ್ಲೇ ಇಳಿಸಿ ನನ್ನ ಅಂಗಡಿಗೆ ಬಂದರು. "ಶಿವಯೋಗಿ, ನಂಜೊತೆ ಬಾ. ಒಬ್ನೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬರ್ತೀನಿ" ಅಂದರು.

ನಂದಿಗುಡಿಗೆ ಹೋಗಿ ರೇವಣ್ಣನನ್ನು ಹತ್ತಿಸಿಕೊಂಡು ಕೊಂಡಜ್ಜಿಗೆ ಹೋದೆವು. ಮೇಷ್ಟ್ರು ಏನೋ ರಾಜಿ ಮಾಡಿಸಲು ಬಂದಿದ್ದಾರೆಂದು ರೇವಣ್ಣ ಖುಷಿಯಲ್ಲಿದ್ದ, ದಾರಿಯಲ್ಲಿ ಗೇರು ಬದಲಾದಾಗಲೆಲ್ಲ ಒಂದು, ಎರಡು ಅಂತ ತಾನೂ ಎಣಿಸುತ್ತಿದ್ದ. ಕಾಟಪ್ಪನ ಮನೆಯ ಕಟ್ಟೆಯ ಮೇಲೆ ನಾಲ್ಕಾರು ಜನ ಕೂತಿದ್ದರು. ಕೂಡ್ರಿ ಅಂದರೂ ಮೇಷ್ಟ್ರು ನಿಂತೇ ಮಾತಾಡಿದರು.

"ಮಿರಜಿಗೆ ಹೋಗಿದ್ದು ನಾನು. ನನ್ನ ಅಕ್ಕಗೆ ಆಪರೇಷನ್ ಇತ್ತು. ಪೊಲೀಸ್ರು ಹಿಡಿದಾಗ ನನ್ ಹೆಸ್ರು ಹೇಳೋಕೆ ನಾಚ್ಕೆಯಾಗಿ ಇವನ ಲೈಸನ್ಸ್ ಕೊಟ್ಟೆ. ಇವನು ಎಲ್ಲೂ ಹೋಗಿಲ್ಲ. ಇವನಿಗೆ ಯಾವ ರೋಗಾನೂ ಇಲ್ಲ."

ಹಂಪವ್ವ ಬಾಗಿಲಲ್ಲಿ ನಿಂತಿದ್ದಳು. "ಫೀಜು ತಗೊಂಡು ಇದ್ನೂ ಕಲಿಸ್ತೀರೇನ್ರಿ ಸಾಬ್ರೆ?" ಅಂದಳು. ಕಟ್ಟೆಯ ಮೇಲೊಬ್ಬ ಕಿಸಕ್ಕೆಂದ. ಕಾಟಪ್ಪ ಅವನನ್ನು ಗದರಿಸಿದ.

ರೇವಣ್ಣ ನೆಲ ನೋಡುತ್ತ ಹೇಳಿದ. "ಅವತ್ತು ನಿಮ್ಮಲ್ಲಿಗೆ ಬಂದಾಗ್ಲೇ ಹೇಳ್ಬೋದಿತ್ತಲ್ರಿ. ನಾ ಕೈ ಮುಗ್ದೆ. ಮುಗಿಸ್ಕೊಂಡ್ರಲ್ರಿ."

ಬರುವಾಗ ಮೇಷ್ಟ್ರು ಕಾರು ಬಹಳ ನಿಧಾನ ಓಡಿಸಿದರು. ಹಿಂದೆ ಬರುತ್ತಿದ್ದ ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು.

ಕೋರ್ಟಿನ ದಿನ ಮಿರಜಿಗೂ ನಾನು ಜೊತೆಗಿದ್ದೆ. ತಪ್ಪು ತನ್ನದೆಂದು, ಲೈಸನ್ಸು ಇನ್ನೊಬ್ಬನದೆಂದು ಅವರೇ ಹೇಳಿದರು. ಉದ್ಯೋಗ ಏನೆಂದು ಮ್ಯಾಜಿಸ್ಟ್ರೇಟ್ ಸಾಹೇಬರು ಕೇಳಿದರು. ಮೇಷ್ಟ್ರು "ಡ್ರೈವಿಂಗ್ ಕಲಿಸ್ತೀನಿ" ಅಂದರು. ಪೊಲೀಸರೂ ಗುಮಾಸ್ತರೂ ನಕ್ಕರು. ಸಾಹೇಬರು ನಗಲಿಲ್ಲ, ದಂಡ ಹಾಕಿದರು. ಇಲ್ಲಿ ಸ್ಕೂಲಿನ ಪರವಾನಗಿ ಆ ವರ್ಷ ಪೂರ್ತಿ ಹೋಯಿತು. ಹಂಪವ್ವ ಗಂಡನ ಮನೆಗೆ ಬಂದಳು. ರೇವಣ್ಣ ಹರಿಹರದ ಇನ್ನೊಬ್ಬರ ಬಳಿ ಕಲಿತು ಮೆಟಡಾರ್ ಕೊಂಡ. ಎದುರಾದರೆ ಮೇಷ್ಟ್ರಿಗೆ ದಾರಿ ಬಿಡುತ್ತಿದ್ದ, ಮಾತಾಡುತ್ತಿರಲಿಲ್ಲ.

ಸ್ಕೂಲು ಮತ್ತೆ ತೆರೆದ ಮೇಲೆ ಮೇಷ್ಟ್ರು, ಹೊಸಬರು ಯಾರೇ ಬರಲಿ, ಕಾರು ಚಾಲೂ ಆಗುವ ಮುಂಚೆ ಮಿರಜಿನ ಕೇಸು ಹೇಳುತ್ತಿದ್ದರು. "ಯಾಕಪ್ಪ, ಗಿರಾಕಿ ಓಡಿಸ್ತೀಯಾ?" ಅಂತ ನಾನು ಬೈದಿದ್ದೆ. "ಬೇರೆಯೋರ ಬಾಯಿಂದ ಕೇಳಿದ್ರೆ ನನ್ ಪಕ್ಕ ಕೂತಾಗ ಒಳಗೊಳಗೇ ನಗ್ತಾರೆ. ಎದುರಿಗೇ ನಗ್ಲಿ" ಅಂದಿದ್ದರು. ಆದರೂ ಅವರು ಹೇಳುತ್ತಿದ್ದುದು ಬೋರ್ಡು, ಪೊಲೀಸು, ಕೋರ್ಟು, ದಂಡ ಇಷ್ಟೇ. ರೇವಣ್ಣ ಸ್ಕೂಲಿಗೆ ಬಂದ ದಿನವನ್ನು ಮಾತ್ರ ದಾಟಿಸಿಬಿಡುತ್ತಿದ್ದರು. ಪಕ್ಕದ ಮಳಿಗೆಯಲ್ಲಿದ್ದ ನನಗೆ ಅದು ಗೊತ್ತಿತ್ತು. ನಾನು ಕೆದಕಲಿಲ್ಲ.

ಹೋದ ಮಂಗಳವಾರ ಕಲಿಯಲು ಬಂದಿದ್ದವರು ಆವರಗೆರೆಯ ಶಾಲೆಯ ಟೀಚರ್ ಕಮಲಕ್ಕ. ಮೊದಲನೇ ದಿನ. ಮಣ್ಣಿಗೆ ಬಂದಾಗ ಅವರು ಅಳುತ್ತಲೇ ನನಗೆ ಹೇಳಿದ್ದಿಷ್ಟು. ಮೇಷ್ಟ್ರು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಅವರನ್ನು ಸ್ಟೇರಿಂಗ್ ಹಿಂದೆ ಕೂರಿಸಿ, ತಾವು ಎಡಗಡೆ ಸೀಟಿಗೆ ಬಂದು, ಕೇಸು ಹೇಳಲು ಶುರು ಮಾಡಿದರು. ಕಮಲಕ್ಕ, "ಗೊತ್ತು ಬಿಡ್ರಿ ಸಾರ್, ಎಲ್ಲಾ ಕೇಳೀನಿ. ಅದೇನ್ ಮಹಾ ತಪ್ಪು, ಬೋರ್ಡ್ ಮರ್ತಿದ್ದು" ಅಂದರು.

"ಬೋರ್ಡ್ ಅಲ್ಲಮ್ಮ" ಅಂದರಂತೆ ಮೇಷ್ಟ್ರು.

ಆಮೇಲೆ, ರೇವಣ್ಣ ತಮ್ಮ ಮುಂದೆ ಬಂದು ನಿಂತದ್ದು, ಕೂರದೆ ಹೋದದ್ದು, ಕೈ ಮುಗಿದದ್ದು, ಎಲ್ಲ ಗೊತ್ತಿದ್ದೂ ತಾವು ನೋಡ್ಕೊಂತೀನಿ ಅಂದದ್ದು, ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಿ ಕನ್ನಡಿಯಲ್ಲಿ ಹಿಂದೆ ಲಾರಿ ಬರುತ್ತಿದೆಯಾ ನೋಡಿ, ಕಮಲಕ್ಕನವರಿಗೆ ಗಾಡಿ ಚಾಲೂ ಮಾಡಲು ಹೇಳಿದರು.